ಹನ್ನೊಂದನೆಯ ಮನವಿ

ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು. ಬಾಗಿಲೇ ಚೌಕಟ್ಟಿನಿಂದ ಕಿತ್ತು ಒಳಗೆ ಬಿದ್ದಿತ್ತು.

ಅದನ್ನು ಮೊದಲು ನೋಡಿದವನು ಕೆಳಗಿನ ಅಂಗಡಿಯಲ್ಲಿ ಬೀಗದ ಕೈ ಮಾಡುವವನು. ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ತೆರೆಯಲು ಬಂದಾಗ ಮೇಲಿನಿಂದ ಹೊಲಿಗೆ ಯಂತ್ರದ ಸದ್ದು ಕೇಳಲಿಲ್ಲ. ದಿನವೂ ಎಂಟಕ್ಕೇ ಶುರುವಾಗುವ ಸದ್ದು. ಹೊರಗಿನ ಮೆಟ್ಟಿಲು ಹತ್ತಿ ನೋಡಿದ. ಹೆಂಗಸು ಯಂತ್ರದ ಪಕ್ಕದಲ್ಲಿ ಬಿದ್ದಿದ್ದಳು. ಇನ್ನೂ ಉಸಿರಿತ್ತು.

ಆಸ್ಪತ್ರೆಯಲ್ಲಿ ಎರಡು ದಿನ ಬದುಕಿದ್ದಳು. ಎರಡನೆಯ ದಿನ ಒಮ್ಮೆ ಎಚ್ಚರವಾಯಿತು. ಹಾಸಿಗೆಯ ಒಂದು ಪಕ್ಕ ತಾಯಿ, ಇನ್ನೊಂದು ಪಕ್ಕ ಅಕ್ಕ. ಅವಳು ಅಕ್ಕನ ಕಡೆ ತಿರುಗಿ ಒಂದೇ ಮಾತು ಕೇಳಿದಳು.

"ಅವನಿಗ್ಯಾಕೆ ಹೇಳ್ದೆ ಅಕ್ಕ?"

ಹೊಡೆದವನನ್ನು ಹುಡುಕಬೇಕಾಗಿರಲಿಲ್ಲ. ಗಂಡ. ಒಂದೂವರೆ ವರ್ಷದ ಹಿಂದೆ ಅವಳು ಬಿಟ್ಟು ಬಂದವನು. ಹೊಡೆದ ದಿನ ಸಂಜೆಯೇ ಬಸ್ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಹೆಂಡತಿ ಇರುವ ಜಾಗ ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, "ಅವಳ ಅಕ್ಕನೇ ಹೇಳಿದ್ಲು," ಎಂದ. ಪೊಲೀಸರು ಬರೆದುಕೊಂಡರು, ಫೈಲು ಕಟ್ಟಿದರು. ಕೊಂದವನು ಕೈಗೆ ಸಿಕ್ಕ ಮೇಲೆ ವಿಳಾಸ ಯಾರು ಕೊಟ್ಟರೆ ಅವರಿಗೇನು?

ಅಕ್ಕನಿಗೆ ಅದೇ ಎಲ್ಲ. ಆ ಜಾಗ ಗೊತ್ತಿದ್ದದ್ದು ಲೋಕದಲ್ಲಿ ಅವಳೊಬ್ಬಳಿಗೇ. ತಾಯಿಗೂ ಹೇಳಿರಲಿಲ್ಲ. ಮಣ್ಣು ಮಾಡಿ ಬಂದ ದಿನದಿಂದ ತಾಯಿ ದೊಡ್ಡ ಮಗಳಿಗೆ ಬಾಗಿಲು ತೆಗೆದಿಲ್ಲ.

ನಾನು ಈ ವಿಷಯದೊಳಗೆ ಬಂದದ್ದು ಹದಿನೈದು ದಿನದ ಮೇಲೆ. ನಾನು ವಿಶ್ವವಿದ್ಯಾಲಯದ ಸಂಶೋಧನಾ ನೀತಿ ಸಮಿತಿಯ ಗುಮಾಸ್ತ. ಮೇಷ್ಟ್ರುಗಳು ಜನರ ಮೇಲೆ ಸಂಶೋಧನೆ ಮಾಡುವ ಮುಂಚೆ ಅದರಿಂದ ಯಾರಿಗೂ ಕೇಡಾಗುವುದಿಲ್ಲ ಎಂದು ನೋಡಬೇಕಾದ ಸಮಿತಿ ಅದು. ಸಮಿತಿ ನೋಡುತ್ತದೆ ಎನ್ನುವುದು ಕಾಗದದ ಮಾತು. ನಾನು ಮೊಹರು ಹೊಡೆಯುತ್ತೇನೆ ಎನ್ನುವುದು ನಿಜ. ಇಪ್ಪತ್ತೆರಡು ವರ್ಷದಿಂದ ಹೊಡೆಯುತ್ತಿದ್ದೇನೆ, ಓದಿ ಹೊಡೆದದ್ದು ಕಡಿಮೆ.

ಅಕ್ಕ ನನ್ನ ಮೇಜಿನ ಮೇಲೆ ಒಂದು ಮುದ್ರಿತ ಲೇಖನವಿಟ್ಟಳು. ನಮ್ಮ ಸಮಾಜಶಾಸ್ತ್ರ ವಿಭಾಗದ್ದೇ. ಗಂಡನ ಹೊಡೆತ ತಾಳದೆ ಮನೆ ಬಿಟ್ಟ ಹೆಂಗಸರು ಅಂತರ್ಜಾಲದ ಒಂದು ಗುಂಪಿನಲ್ಲಿ ಏನೇನು ಬರೆದುಕೊಳ್ಳುತ್ತಾರೆ ಎಂಬುದರ ಅಧ್ಯಯನ. ಗುಂಪಿನಲ್ಲಿ ಆರು ಸಾವಿರ ಜನ. ಒಂದು ಗುಂಡಿ ಒತ್ತಿದರೆ ಯಾರು ಬೇಕಾದರೂ ಸೇರಬಹುದು.

"ಗುಂಪಿನಲ್ಲಿದ್ದ ಗೆಳತಿಯೊಬ್ಬಳು ಇದನ್ನ ಕಳಿಸಿದ್ಲು," ಎಂದಳು. ಹದಿನಾಲ್ಕನೆಯ ಪುಟದ ಮೇಲೆ ಬೆರಳಿಟ್ಟಳು. "ಇದು ನನ್ನ ತಂಗಿ."

ಓದಿದೆ. 'ಹೊಸ ಕೋಣೆ ಸಿಕ್ಕಿತು. ಕೆಳಗೆ ಗಡಿಯಾರ ರಿಪೇರಿಯವನು, ಎದುರಿಗೆ ಆಟದ ಮೈದಾನ. ಮಲಗುವ ಮುಂಚೆ ಚಿಲಕಕ್ಕೆ ಮೂರು ಸಲ ತಟ್ಟಿ, ನೋಡ್ಕೊಳ್ಳಪ್ಪ ಅಂತೀನಿ.'

"ಹೆಸರಿಲ್ಲವಲ್ಲಮ್ಮ," ಎಂದೆ.

"ಹೆಸರು ಯಾಕೆ? ಚಿಲಕದ ಜೊತೆ ಮಾತಾಡೋಳು ಇನ್ಯಾರಿದ್ದಾರೆ? ಚಿಕ್ಕವಳಿದ್ದಾಗಿಂದ್ಲೂ ಹಾಗೇ. ಅವನೂ ಇದನ್ನೇ ಆಡ್ಕೊಂಡು ನಗ್ತಿದ್ದ. ಹೋದ ತಿಂಗಳು ನ್ಯೂಸ್ ಪೇಪರಲ್ಲೂ ಈ ಲೇಖನದ ಸುದ್ದಿ ಜೊತೆ ಈ ಸಾಲು ಬಂದಿತ್ತಂತೆ."

"ಆದ್ರೆ ಅವಳ ಕೋಣೆ ಗಡಿಯಾರದ ಅಂಗಡಿ ಮೇಲಿರ್ಲಿಲ್ಲ. ಅಲ್ವಾ?"

ಈ ಪ್ರಶ್ನೆ ನನ್ನದಲ್ಲ. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಅಂಚೆಯಮ್ಮನದು. ಕೊಲೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದರು.

ಸಮಿತಿಯಲ್ಲಿ ಒಬ್ಬರಾದರೂ ಹೊರಗಿನವರಿರಬೇಕು, ಪಂಡಿತರಾಗಿರಬಾರದು ಎಂದು ನಿಯಮ. ಹಾಗೆ ಬಂದವರು ಈಕೆ. ಅಂಚೆ ಇಲಾಖೆಯಲ್ಲಿ, ವಿಳಾಸ ಸರಿಯಿಲ್ಲದೆ ಉಳಿದ ಕಾಗದಗಳ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತರಾದವರು. ಅಂಚೆಯಮ್ಮ ಎನ್ನುವುದು ಮೇಷ್ಟ್ರುಗಳು ಬೆನ್ನ ಹಿಂದೆ ಇಟ್ಟ ಹೆಸರು, ಆಕೆಗೂ ಗೊತ್ತು. ಸಭೆಯಲ್ಲಿ ಆಕೆ ಬಾಯಿ ತೆರೆದರೆ ಎಲ್ಲರೂ ಗಡಿಯಾರ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.

"ಬೀಗದ ಕೈ ಅಂಗಡಿ ಮೇಲೆ," ಎಂದಳು ಅಕ್ಕ. "ಎದುರಿಗೆ ಈಜುಕೊಳ."

"ಅಂದ್ರೆ ಯಾರೋ ಗುರುತು ಬದಲಾಯಿಸಿದ್ದಾರೆ. ಪೇಪರ್ ಓದಿ ಹೊರಟಿದ್ರೆ ಅವನು ಗಡಿಯಾರದ ಅಂಗಡಿ ಹುಡುಕ್ತಿದ್ದ. ನೇರ ಅಲ್ಲಿಗೇ ಹೇಗೆ ಬಂದ?"

"ನನಗೆ ಗೊತ್ತಿಲ್ಲಮ್ಮ. ಒಂದೊಂದ್ಸಲ ನಾನೇ ಎಲ್ಲೋ ಬಾಯಿ ಬಿಟ್ನೇನೋ ಅನ್ಸತ್ತೆ. ಅದೊಂದು ತಿಳಿಸಿಕೊಡಿ. ನಾನೇ ಅಂದ್ರೆ ನಾನೇ ಅಂತಾನೇ ಹೇಳಿ."

ಅಂಚೆಯಮ್ಮ ಚಹಾದ ಲೋಟ ಕೆಳಗಿಟ್ಟರು. "ಗುಮಾಸ್ತರೇ, ಚಪ್ಪಲಿ ಹಾಕ್ಕೊಳ್ಳಿ."

ಬೀಗದ ಕೈಯವನ ಅಂಗಡಿ ಒಬ್ಬ ಮನುಷ್ಯ ಕೂತರೆ ತುಂಬುವಷ್ಟು. ಎದುರಿನ ಈಜುಕೊಳದಿಂದ ಮಕ್ಕಳ ಕೂಗು ಬರುತ್ತಿತ್ತು. ಅಂಗಡಿಯ ಪಕ್ಕದಲ್ಲೇ ಕಬ್ಬಿಣದ ಮೆಟ್ಟಿಲು, ಹಸಿರು ಬಣ್ಣ. ಅಕ್ಕನನ್ನು ನೋಡಿ ಅವನು ತಲೆ ತಗ್ಗಿಸಿದ.

"ಪೊಲೀಸರಿಗೆ ಎಲ್ಲ ಹೇಳಿದೀನಮ್ಮ."

"ಅವರು ಕೇಳಿದ್ದಕ್ಕೆ ಹೇಳಿದೀರಿ. ಕೇಳದೇ ಬಿಟ್ಟದ್ದು?" ಎಂದರು ಅಂಚೆಯಮ್ಮ.

ಅವನು ಯಂತ್ರ ನಿಲ್ಲಿಸಿದ. ಕೈ ಒರೆಸಿಕೊಂಡ. ಒರೆಸುತ್ತಲೇ ಇದ್ದ.

"ಅದಾಗೋಕೆ ಎರಡು ದಿನ ಮುಂಚೆ ಅವನು ಬಂದಿದ್ದ. ಒಂದು ಬೀಗದ ಕೈ ಮಾಡಿಸ್ಕೊಂಡ. ಬಹಳ ಮೆತ್ತಗಿನ ಮಾತು. 'ಕೆಂಪು ಮೆಟ್ಟಿಲಿನ ಮನೆ ಯಾವ್ದಣ್ಣ ಇಲ್ಲಿ?' ಅಂದ."

"ಕೆಂಪು ಅಂದನಾ? ಸರಿಯಾಗಿ ನೆನಪಿದೆಯಾ?"

"ಮರೆಯೋಕಾಗುತ್ತಾ? ಅಂಥದ್ಯಾವುದೂ ಇಲ್ಲ ಅಂದೆ. ಹೊರಟ. ಆಮೇಲೆ—" ಅವನು ಮೆಟ್ಟಿಲ ಕಡೆ ನೋಡಲಿಲ್ಲ. "ನಾನೇ ಕೂಗಿ ಕರೆದೆ. ನಮ್ಮ ಮೆಟ್ಟಿಲೇ ಮೊದ್ಲು ಕೆಂಪಿತ್ತು, ಓನರು ಹಸಿರು ಬಳಿಸಿದ್ರು ಅಂತ ಹೇಳ್ದೆ. ಪಾಪ, ದಾರಿ ಕೇಳ್ತಾನೆ ಅನ್ಕೊಂಡೆ."

"ಬಳಿಸಿದ್ದು ಯಾವಾಗ?"

"ಆಯಮ್ಮ ಬಂದು ಮೂರನೇ ವಾರ."

ಅಂಚೆಯಮ್ಮ ಬಗ್ಗಿ, ತಮ್ಮ ಮನೆಯ ಬೀಗದ ಕೈಯಿಂದ ಕೆಳಗಿನ ಮೆಟ್ಟಿಲನ್ನು ಕೆರೆದರು. ಹಸಿರಿನ ಕೆಳಗೆ ಕೆಂಪಿತ್ತು.

"ನೀವು ಇಲ್ಲಿಗೆ ಮೊದಲು ಬಂದದ್ದು ಯಾವಾಗಮ್ಮ?"

"ಅವಳು ಸೇರ್ಕೊಂಡು ಮೂರು ತಿಂಗಳಾದ್ಮೇಲೆ," ಎಂದಳು ಅಕ್ಕ. "ಬಸ್ಸಿಳಿದ ಕಡೆಯಿಂದ ಅವಳೇ ಕರ್ಕೊಂಡು ಬಂದ್ಲು. ಫೋನಲ್ಲಿ ಜಾಗದ ಸುದ್ದಿ ಎತ್ತಬಾರ್ದು ಅಂತ ಮಾತಾಗಿತ್ತು. ನನಗೆ ಗೊತ್ತಿರೋದು ಹಸಿರೇ. ಕೆಂಪಿತ್ತು ಅನ್ನೋದು ಇವತ್ತೇ ಕೇಳ್ತಿರೋದು."

"ಗೊತ್ತಿಲ್ಲದ ಬಣ್ಣವನ್ನ ಅವನಿಗೆ ಹೇಗೆ ಹೇಳ್ತೀರಿ? ನೀವು ಹೇಳಿದ್ದೇ ಆಗಿದ್ರೆ ಹಸಿರು ಮೆಟ್ಟಿಲು ಅಂತ ಕೇಳ್ತಿದ್ದ. ಕೇಳೋದೇನು, ನೇರ ಹತ್ತುತ್ತಿದ್ದ."

ಅಕ್ಕ ಆ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಅಳಲಿಲ್ಲ. ಕೆರೆದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು.

"ಗುಮಾಸ್ತರೇ," ಎಂದರು ಅಂಚೆಯಮ್ಮ, "ಆ ಮೂರು ವಾರದೊಳಗೆ ಯಾರೋ 'ಕೆಂಪು' ಅಂತ ಬರೆದಿದ್ದಾರೆ. ಆ ಬರಹ ಇನ್ನೂ ಎಲ್ಲೋ ಉಳಿದಿದೆ. ಯಾರ ಹತ್ರ?"

ಲೇಖನದ ಮೇಲೆ ಮೂವರ ಹೆಸರಿತ್ತು. ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ, ಒಬ್ಬರು ಸಂಖ್ಯಾಶಾಸ್ತ್ರದವರು, ಇನ್ನೊಬ್ಬರು ವಿಭಾಗದ ಹಿರಿಯ ಪ್ರಾಧ್ಯಾಪಕರು. ಹಿರಿಯರನ್ನು ನಾವು ದೊಡ್ಡ ಮೇಷ್ಟ್ರು ಎನ್ನುತ್ತೇವೆ, ಸಂಖ್ಯೆಯವರನ್ನು ಲೆಕ್ಕದ ಮೇಷ್ಟ್ರು.

ಅಕ್ಕ ಬಂದ ಸುದ್ದಿ ವಿಭಾಗಕ್ಕೆ ಮುಟ್ಟಿ, ದೊಡ್ಡ ಮೇಷ್ಟ್ರ ಪತ್ರ ಅಷ್ಟರಲ್ಲೇ ನನ್ನ ಮೇಜಿಗೆ ಬಂದಿತ್ತು. ವಿದ್ಯಾರ್ಥಿನಿಯು ಅನುಮತಿಯಿಲ್ಲದೆ ಗುಂಪಿನ ಹೆಂಗಸರನ್ನು ಸಂಪರ್ಕಿಸಿದ್ದಾಳೆ. ಸೋರಿಕೆ ಆಗಿದ್ದರೆ ಅಲ್ಲಿಂದಲೇ. ಅವಳ ನೋಂದಣಿ ರದ್ದುಮಾಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಲ್ಲಿ ಬರೆಗೆ ಸಿಕ್ಕವಳು ಇಪ್ಪತ್ತಾರು ವರ್ಷದವಳು, ಕಿಟಕಿಯಿಲ್ಲದ ಕೋಣೆಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು.

"ಸಂಪರ್ಕಿಸಿದ್ದು ಹೌದಾ?" ಅಂಚೆಯಮ್ಮ ಕೇಳಿದರು.

"ಹೌದು. ನಿಮ್ಮ ಬರಹ ಬಳಸ್ಕೋಬಹುದಾ ಅಂತ ಕೇಳ್ದೆ. ನಲವತ್ತು ಜನಕ್ಕೆ ಬರೆದಿದ್ದೆ. ಅಷ್ಟರಲ್ಲಿ ಸರ್ ನಿಲ್ಲಿಸಿದ್ರು. ಕೇಳಿದ್ರೆ ಬೇಡ ಅಂತಾರೆ, ಕೇಳಬೇಡ ಅಂದ್ರು."

"ಆ ನಲವತ್ತರಲ್ಲಿ ಇವಳು ಇದ್ಲಾ?"

"ಇಲ್ಲ. ಅವಳ ಸರದಿ ಬಂದಿರ್ಲಿಲ್ಲ."

"ಅವಳ ಬರಹದ ಮೂಲ ನಿನ್ನ ಹತ್ರ ಇದೆಯಾ, ಮಗಳೇ?"

"ಇಲ್ಲ. ಅವಳು ಅದನ್ನ ಹಾಕಿದ ಮರುದಿನವೇ ಅಳಿಸಿಬಿಟ್ಟಿದ್ಲು. ಇಷ್ಟೆಲ್ಲ ಗುರುತು ಹೇಳ್ಬೇಡ ಅಂತ ಗುಂಪಲ್ಲಿ ಯಾರೋ ಎಚ್ಚರಿಸಿದ್ರಂತೆ. ಅಲ್ಲಿ ಇದ್ದದ್ದೇ ಹತ್ತೊಂಬತ್ತು ಗಂಟೆ. ಅಷ್ಟರೊಳಗೆ ನಮ್ಮ ಕಂಪ್ಯೂಟರು ಅದನ್ನ ಎತ್ಕೊಂಡಿತ್ತು. ನಾನು ತಿಂಗಳಿಗೊಮ್ಮೆ ನೋಡಿ, ಅವರು ಅಳಿಸಿದ್ದನ್ನ ನಾನೂ ಅಳಿಸ್ತೀನಿ."

"ಮತ್ತೆ ಲೇಖನಕ್ಕೆ ಹೇಗೆ ಬಂತು?"

"ಸರ್ ಇಟ್ಕೊಂಡಿದ್ರು. ಅದೇ ಲೇಖನದ ಜೀವ, ಹಾಕಲೇಬೇಕು ಅಂದ್ರು. ನಾನು ಅಂಗಡಿ ಬದಲಾಯಿಸ್ದೆ, ಈಜುಕೊಳ ತೆಗೆದೆ, ಮೆಟ್ಟಿಲಿನ ಸಾಲೇ ತೆಗೆದುಹಾಕ್ದೆ. ಚಿಲಕ ಮಾತ್ರ ಬಿಟ್ಟೆ." ಅವಳ ದನಿ ಬಿತ್ತು. "ಚಿಲಕ ಯಾರ ಮನೇಲಿಲ್ಲ ಅನ್ಕೊಂಡೆ. ಅವನು ಗುರುತು ಹಿಡಿದದ್ದು ಅದರಿಂದ್ಲೇ, ಅಲ್ವಾ?"

"ಅವಳನ್ನ ಅದರಿಂದ ಗುರುತು ಹಿಡಿದ. ಮನೆಯನ್ನಲ್ಲ," ಎಂದರು ಅಂಚೆಯಮ್ಮ. ಸಮಾಧಾನದ ಮಾತೇನೂ ಸೇರಿಸಲಿಲ್ಲ.

ಲೆಕ್ಕದ ಮೇಷ್ಟ್ರು ನಗುಮುಖದವರು. ತಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿಯೇ ತೋರಿಸಿದರು. ಉದ್ದಕ್ಕೆ ಪದಗಳು, ಪ್ರತಿ ಪದದ ಮುಂದೆ ಒಂದು ಸಂಖ್ಯೆ.

"ನನಗೆ ವಾಕ್ಯ ಬೇಡಮ್ಮ, ಪದ ಸಾಕು. ಬಂದ ದಿನವೇ ಎಲ್ಲ ಬಿಡಿಸಿಬಿಡ್ತೀನಿ. ಚಿಲಕ ಬೇಕಾ? ನಾನೂರ ಹನ್ನೆರಡು ಸಲ ಬಂದಿದೆ."

"ಯಾರ್ಯಾರು ಬರೆದದ್ದು?"

"ಅದು ನನ್ನ ಪ್ರಶ್ನೆಯೇ ಅಲ್ಲ. ನನಗೆ ಜನ ಕಾಣಲ್ಲ. ಅದಕ್ಕೇ ನನ್ನಿಂದ ಯಾರಿಗೂ ತೊಂದ್ರೆ ಇಲ್ಲ."

ಅದೇನೋ ನಿಜ. ಮಾತು ನಿಜವಾಗಿದ್ದೂ ನನಗೆ ಕಸಿವಿಸಿಯಾಯಿತು. ಹೊರಗೆ ಬಂದ ಮೇಲೆ ಅಂಚೆಯಮ್ಮ ಕೇಳಿದರು, "ಈ ಲೇಖನದ ಕೊನೇ ಸಾಲು ಓದಿದ್ರಾ, ಗುಮಾಸ್ತರೇ?"

ಓದಿರಲಿಲ್ಲ. ಯಾರು ಓದುತ್ತಾರೆ? ಎಲ್ಲ ಲೇಖನದ ಕೊನೆಯಲ್ಲೂ ಇರುವ ಸಾಲು ಅದು.

"ನಿಮ್ಮ ಬೀರುವಿನಲ್ಲಿ ಈ ಯೋಜನೆದು ಏನೇನಿದೆ? ಎಲ್ಲ ತೆಗೆದಿಡಿ. ನಾಳೆ ಹನ್ನೊಂದಕ್ಕೆ ದೊಡ್ಡ ಮೇಷ್ಟ್ರನ್ನ ಕರೀರಿ. ಅಕ್ಕನೂ ಬರ್ಲಿ, ಆ ಹುಡುಗೀನೂ ಬರ್ಲಿ."

ದೊಡ್ಡ ಮೇಷ್ಟ್ರು ಹೇಳಿದ ಹೊತ್ತಿಗೆ ಬಂದರು. ಕೆಟ್ಟ ಮನುಷ್ಯರೆಂದು ನಾನು ಹೇಳುವುದಿಲ್ಲ. ವಿದ್ಯಾರ್ಥಿಗಳಿಗೆ ಪುಸ್ತಕ ಕೊಟ್ಟರೆ ವಾಪಸು ಕೇಳದವರು. ಅಕ್ಕನಿಗೆ ಕುರ್ಚಿ ಎಳೆದುಕೊಟ್ಟು, ಬಹಳ ದುಃಖವಾಯಿತು ಎಂದರು. ದುಃಖವಾಗಿತ್ತು ಕೂಡ.

"ಆದರೆ ತತ್ವದ ಮಾತು ಬೇರೆ," ಎಂದರು. "ಆರು ಸಾವಿರ ಜನ ಇರೋ ಜಾಗ ಮನೆಯಲ್ಲ, ಬೀದಿ. ಬೀದಿ ಗೋಡೆ ಮೇಲೆ ಬರೆದದ್ದನ್ನ ಓದೋಕೆ ಯಾರ ಅಪ್ಪಣೆ ಬೇಕು? ಈ ಸಮಿತಿಯೇ ಒಪ್ಪಿದೆ. ಮೊಹರಿದೆ."

ಇತ್ತು. 'ಮನುಷ್ಯರು ಭಾಗಿಯಾಗಿಲ್ಲ, ಪರಿಶೀಲನೆ ಬೇಕಿಲ್ಲ.' ಕೆಳಗೆ ನನ್ನ ಕೈಯ ದುಂಡು ಮೊಹರು.

"ಪೋಸ್ಟ್ ಕಾರ್ಡೂ ತೆರೆದೇ ಇರುತ್ತೆ, ಮೇಷ್ಟ್ರೇ," ಎಂದರು ಅಂಚೆಯಮ್ಮ. "ನಾವೆಲ್ಲ ಓದ್ತಿದ್ವಿ, ಸುಳ್ಳು ಹೇಳಲ್ಲ. ಓದಿ ತಲುಪಬೇಕಾದೋರಿಗೆ ತಲುಪಿಸ್ತಿದ್ವಿ. ಅವಳ ಬರಹದ ಮೂಲ ನಿಮ್ಮ ಹತ್ರ ಇದೆಯಾ?"

"ಇದೆ. ಒಮ್ಮೆ ಪ್ರಕಟವಾದದ್ದು ದಾಖಲೆ. ಬರೆದವರು ಅಳಿಸಿದರು ಅಂತ ಇತಿಹಾಸಕಾರ ಅಳಿಸುತ್ತಾನೆಯೇ?"

"ಒಂದ್ಸಲ ಓದ್ತೀರಾ?"

ಅವರು ಲ್ಯಾಪ್‌ಟಾಪ್ ತೆರೆದು ಓದಿದರು. ತರಗತಿಯಲ್ಲಿ ಓದುವ ಹಾಗೆ, ಚೆನ್ನಾಗಿ. "ಹೊಸ ಕೋಣೆ ಸಿಕ್ಕಿತು. ಕೆಳಗೆ ಬೀಗದ ಕೈ ಮಾಡುವವನು, ಎದುರಿಗೆ ಈಜುಕೊಳ. ಹೊರಗಿನ ಕೆಂಪು ಮೆಟ್ಟಿಲು ಹತ್ತಿದರೆ ನನ್ನ ಬಾಗಿಲು—"

ಅಕ್ಕ ಕಣ್ಣು ಮುಚ್ಚಿಕೊಂಡಳು. ವಿದ್ಯಾರ್ಥಿನಿ ನನ್ನ ಮುಖ ನೋಡಿದಳು.

"ಇದನ್ನ ಹೊರಗಿನವರಿಗೆ ಕೊಟ್ಟಿದೀರಾ?"

"ನಾನು? ವಿಳಾಸ ಕೊಡೋ ಕೆಲಸ ನಂದಲ್ಲಮ್ಮ. ಇದರಲ್ಲಿ ಹೆಸರಿಲ್ಲ, ಮನೆ ನಂಬರಿಲ್ಲ, ಬೀದಿಯಿಲ್ಲ. ಇದು ವಿಳಾಸವೇ ಅಲ್ಲ."

"ಇದು ವಿಳಾಸ ಅಲ್ವಾ?" ಅಂಚೆಯಮ್ಮನ ದನಿ ಏರಲಿಲ್ಲ. "ಇದರ ಕಾಲು ಭಾಗ ಬರೆದಿದ್ರೂ ನಾನು ಕಾಗದ ಮುಟ್ಟಿಸಿದೀನಿ. ಮೂವತ್ತೊಂದು ವರ್ಷ ಮಾಡಿದ್ದು ಅದೇ ಕೆಲಸ. ಈ ಊರಲ್ಲಿ ಈಜುಕೊಳದ ಎದುರಿಗೆ ಬೀಗದ ಕೈ ಅಂಗಡಿ ಒಂದೇ. ಗುಮಾಸ್ತರೇ, ವಾರ್ಷಿಕ ವರದಿ."

ಹಳದಿ ಫೈಲು ತೆರೆದೆ. ಪ್ರತಿ ಯೋಜನೆಯವರೂ ವರ್ಷಕ್ಕೊಮ್ಮೆ ತುಂಬಿ ಕೊಡುವ ನಮೂನೆ. ಏಳನೆಯ ಪ್ರಶ್ನೆ: ಸಂಗ್ರಹಿಸಿದ್ದನ್ನು ಹೊರಗಿನವರೊಂದಿಗೆ ಹಂಚಿಕೊಂಡಿದ್ದೀರಾ? ದೊಡ್ಡ ಮೇಷ್ಟ್ರ ದುಂಡು ಅಕ್ಷರದಲ್ಲಿ ಉತ್ತರ: ಹೌದು. ಬಂದ ಮನವಿ ಹನ್ನೊಂದು, ಪೂರೈಸಿದ್ದು ಹನ್ನೊಂದು.

"ಹಂಚಿಕೊಳ್ಳೋದು ತಪ್ಪಲ್ಲ," ಎಂದರು ದೊಡ್ಡ ಮೇಷ್ಟ್ರು. "ಅದೇ ಶಿಸ್ತು. ಯಾರಾದ್ರೂ ಪರೀಕ್ಷೆ ಮಾಡೋ ಹಾಗಿರ್ಬೇಕು. ಲೇಖನದ ಕೊನೇಲಿ ಬರೆದೇ ಇದೆ: ಕೇಳಿದ ಸಂಶೋಧಕರಿಗೆ ಮೂಲ ಪಠ್ಯ ಒದಗಿಸಲಾಗುವುದು."

"ಕೊನೇ ಮನವಿ ಓದಿ, ಗುಮಾಸ್ತರೇ."

ಓದಿದೆ. "ಹನ್ನೊಂದು. ಸ್ವತಂತ್ರ ಸಂಶೋಧಕ. ಉದ್ದೇಶ: ಒಂಟಿ ಮಹಿಳೆಯರ ಭದ್ರತಾ ಅಭ್ಯಾಸಗಳು. ಕೇಳಿದ್ದು: ಪುಟ ಹದಿನಾಲ್ಕು, ಚಿಲಕದ ಉಲ್ಲೇಖದ ಮೂಲ ಪಠ್ಯ. ಪೂರೈಸಿದ್ದು: ಅದೇ ದಿನ."

ತಾರೀಕಿನ ಮೇಲೆ ಬೆರಳಿಟ್ಟು ತೋರಿಸಿದೆ. ಬಾಗಿಲು ಮುರಿಯುವುದಕ್ಕೆ ಒಂಬತ್ತು ದಿನ ಮೊದಲಿನದು. ಅದರ ಕೆಳಗೆ, ಸ್ವೀಕರಿಸಿದೆ ಎಂಬ ನನ್ನ ಮೊಹರು. ಅವಳು ಆಸ್ಪತ್ರೆಯಲ್ಲಿ ಮಲಗಿದ್ದ ದಿನ ನಾನು ಹೊಡೆದದ್ದು. ಹುಡುಕಬೇಕಾದದ್ದು ಹದಿನೈದು ದಿನದಿಂದ ನನ್ನ ಬೀರುವಿನಲ್ಲೇ ಇತ್ತು.

"ಉಳಿದವಕ್ಕೆಲ್ಲ ಒಂದೊಂದು ವಿಶ್ವವಿದ್ಯಾಲಯದ ಹೆಸರಿದೆ. ಇದಕ್ಕಿಲ್ಲ," ಎಂದರು ಅಂಚೆಯಮ್ಮ. "ಹತ್ತು ಜನ ಪೂರ್ತಿ ಸಂಗ್ರಹ ಕೇಳಿದ್ದಾರೆ. ಇವನೊಬ್ಬ ಒಂದೇ ಹೆಂಗಸಿನ ಒಂದೇ ಬರಹ ಕೇಳಿದ್ದಾನೆ. ಯಾರು ಅಂತ ವಿಚಾರಿಸಿದ್ರಾ?"

ದೊಡ್ಡ ಮೇಷ್ಟ್ರು ಲ್ಯಾಪ್‌ಟಾಪ್ ಮುಟ್ಟಿದರು, ಬಿಟ್ಟರು. "ಕಾಗದ ಮರ್ಯಾದೆಯದಾಗಿತ್ತು. ನನ್ನ ಹಳೆಯ ಪುಸ್ತಕವನ್ನ ಓದಿದ್ದೀನಿ ಅಂತ ಬರೆದಿದ್ದ."

"ಅದರ ಕೊನೇಲಿ ಫೋನ್ ನಂಬರ್ ಇದ್ರೆ ಹೇಳಿ."

ಅವರು ಹುಡುಕಿ ತೆಗೆದರು. ಮೊದಲ ನಾಲ್ಕು ಅಂಕಿ ಓದುವಷ್ಟರಲ್ಲಿ ಉಳಿದ ಆರನ್ನು ಅಕ್ಕ ಹೇಳಿ ಮುಗಿಸಿದಳು.

"ಒಂದೂವರೆ ವರ್ಷದಿಂದ ದಿನಾ ಈ ನಂಬರಿನಿಂದ ನನಗೆ ಫೋನ್ ಬರ್ತಿತ್ತು. 'ಎಲ್ಲಿದ್ದಾಳೆ ಹೇಳು' ಅಂತ. ನಾನು ಒಂದು ದಿನಾನೂ ಬಾಯಿ ಬಿಡ್ಲಿಲ್ಲ."

"ಆ ಸಿಟ್ಟಿಗೇ ಪೊಲೀಸರ ಮುಂದೆ ನಿಮ್ಮ ಹೆಸರು ಹೇಳಿದ್ದಾನೆ," ಎಂದರು ಅಂಚೆಯಮ್ಮ. ಆಮೇಲೆ ದೊಡ್ಡ ಮೇಷ್ಟ್ರ ಕಡೆ ತಿರುಗಿದರು.

"ಕೊಂದವನು ಅವನು. ಬಾಗಿಲು ತೋರಿಸಿದವರು ನೀವು, ಮೇಷ್ಟ್ರೇ. ಪೇಪರಿನ ಚಿಲಕ ನೋಡಿ ಇವಳೇ ಅಂತ ಅವನಿಗೆ ಗೊತ್ತಾಯ್ತು. ಎಲ್ಲಿ ಅಂತ ಗೊತ್ತಿರ್ಲಿಲ್ಲ. ನಿಮ್ಮ ಲೇಖನ ಹುಡುಕಿ, ಅದರ ಕೊನೇ ಸಾಲು ಓದಿ ನಿಮ್ಮನ್ನ ಕೇಳಿದ. ನೀವು ಅದೇ ದಿನ ಕಳಿಸಿದ್ರಿ. ಬರೆದವಳನ್ನ ಒಂದು ಮಾತು ಕೇಳೋಕೆ ನಿಮಗೆ ಒಂದು ವರ್ಷ ಸಾಲ್ಲಿಲ್ಲ."

"ಕೇಳಿದ್ದರೆ ಬೇಡ ಅಂತಿದ್ದಳು," ಎಂದರು ದೊಡ್ಡ ಮೇಷ್ಟ್ರು. ಬೇರೆ ಮಾತು ಸಿಗದೆ ಹೇಳಿದಂತಿತ್ತು.

"ಅಂತಿರ್ಲಿಲ್ಲ," ಎಂದಳು ಅಕ್ಕ. "ಖುಷಿ ಪಡ್ತಿದ್ಲು. ತಾನು ಬರೆದದ್ದನ್ನ ಓದಿದೋರು ಯಾರೋ ಇದ್ದಾರಲ್ಲ ಅಂತ. 'ಆ ಮೆಟ್ಟಿಲಿನ ಸಾಲೊಂದು ತೆಗೆದುಬಿಡಿ' ಅಂತಿದ್ಲು, ಅಷ್ಟೇ."

ದೊಡ್ಡ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಹಾಕಿಕೊಳ್ಳಲಿಲ್ಲ.

ಅವರ ಮೇಲೆ ಯಾವ ಕಾನೂನು ಹಾಕುವುದೆಂದು ಪೊಲೀಸರಿಗೆ ತಿಳಿಯಲಿಲ್ಲ. ದೀರ್ಘ ರಜೆಯ ಮೇಲೆ ಹೋದರು. ವಿದ್ಯಾರ್ಥಿನಿಯ ನೋಂದಣಿ ಉಳಿಯಿತು, ಅವಳು ಉಳಿಯಲಿಲ್ಲ. ತುಂಬಿದ ಪೆಟ್ಟಿಗೆಗಳನ್ನು ಬಿಚ್ಚದೆ ತೆಗೆದುಕೊಂಡು ಹೋದಳು.

ಅಕ್ಕ ಕೇಳಿದ್ದು ಒಂದೇ. ತಾನು ಹೇಳಲಿಲ್ಲ ಎಂದು ಕಾಗದದಲ್ಲಿ ಬರೆದುಕೊಡಬೇಕು, ತಾಯಿಗೆ ತೋರಿಸಲು. ವಿಶ್ವವಿದ್ಯಾಲಯದ ವಕೀಲರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು. ಒಟ್ಟಿನಲ್ಲಿ, ಒಂದಕ್ಷರವೂ ಬರೆಯಬೇಡಿ. ನಾನೇ ಬರೆದೆ. ಬಣ್ಣದ ವಿಷಯ, ಹನ್ನೊಂದನೆಯ ಮನವಿಯ ವಿಷಯ, ತಾರೀಕುಗಳು. ಎರಡು ಸಲ ಓದಿ ಮೊಹರು ಹೊಡೆದೆ. ಕೆಲಸ ಹೋದರೆ ಹೋಗಲಿ ಎಂದುಕೊಂಡೆ. ಇನ್ನೂ ಹೋಗಿಲ್ಲ, ವಿಚಾರಣೆ ನಡೆಯುತ್ತಿದೆ.

ಒಂದು ವಾರದ ಮೇಲೆ ಅಕ್ಕ ಬಂದಳು. ಅಂಚೆಯಮ್ಮನೂ ಇದ್ದರು.

"ಅಮ್ಮ ಬಾಗಿಲು ತೆಗೆದ್ರಾ?" ಎಂದೆ.

"ತೆಗೆದ್ಲು. ಕಾಗದ ಪೂರ್ತಿ ಓದಿಸ್ಕೊಂಡ್ಲು. ನನ್ನ ಕೈ ಹಿಡ್ಕೊಂಡು ಸುಮ್ನೆ ಕೂತಿದ್ಲು. ಆಮೇಲೆ ಒಂದೇ ಮಾತು ಕೇಳಿದ್ಲು." ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. "'ಇದು ಅವಳಿಗೆ ಗೊತ್ತಾಯ್ತಾ?' ಅಂದ್ಲು."

"ನೀವೇನಂದ್ರಿ?"

"ಇಲ್ಲ ಅಂದೆ."